ಗೊತ್ತಿದೆ ಅಂದುಕೊಂಡ ಪದಗಳು

ಈ ವಿಷಯದ ಬಗ್ಗೆ ಬರೀಬೇಕು ಅಂತ ಅಂದುಕೊಂಡು ವರ್ಷವೇ ಆಯ್ತು. ಒಂದೆರಡು ಸಲ ಶುರು ಮಾಡಿ ಅರ್ಧಕ್ಕೆ ಬಿಟ್ಟಿದ್ದೂ ಉಂಟು. ಜಪಾನೀ ಭಾಷೆ, ಅದನ್ನು ಕಲಿಯೋ ಚೀನಾದವರು, ಇದರಲ್ಲಿ ನಮ್ಮ ಕನ್ನಡದವರಿಗೆ ಏನಿದೆ ಅಂತ ಅನ್ನಿಸಿ ಸುಮ್ಮನಾಗ್ತಿದ್ದೆ. ಆದ್ರೆ ಮೊನ್ನೆ ಇಲ್ಲಿನ ಪರಿಚಯದವರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದಾಗ ಮತ್ತೆ ಅದೇ ಮಾತು ಬಂತು. "ಚೀನಾದವರಿಗೇನ್ರೀ, ಅವರಿಗೆ ಜಪಾನೀ ಓದೋದು ನೀರು ಕುಡಿದಷ್ಟು ಸುಲಭ." ಊಟದ ಮನೆಯಲ್ಲಿ ವಾದ ಮಾಡೋದು ಬೇಡ ಅಂತ ಸುಮ್ಮನೆ ಸಾರು ಕಲಸ್ಕೊಂಡೆ. ಆ ವಾದ ಇಲ್ಲಿ ಮಾಡ್ತಿದೀನಿ. ಸ್ವಲ್ಪ ಉದ್ದ ಆಗಿದೆ, ಕಾಫಿ ಮಾಡ್ಕೊಂಡು ಬಂದೇ ಕೂತ್ಕೊಳ್ಳಿ :)

ಯಜಮಾನರ ಕೆಲಸದ ನೆಪದಲ್ಲಿ ಜಪಾನಿಗೆ ಬಂದವಳು ನಾನು. ಮನೆಯಲ್ಲಿ ಕೂತು ಬೇಜಾರಾಗಿ ಒಸಾಕಾದ ಒಂದು ಭಾಷಾ ಶಾಲೆಗೆ ಸೇರಿಕೊಂಡೆ. ಶಾಲೆಯ ಹೆಸರು ಬೇಡ. ತರಗತಿಯಲ್ಲಿ ನಾವು ಹದಿನೆಂಟು ಜನ. ಹನ್ನೆರಡು ಜನ ಚೀನಾದವರು, ಮೂವರು ವಿಯೆಟ್ನಾಂ, ಇಬ್ಬರು ನೇಪಾಳ, ಮತ್ತೆ ನಾನು. ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವಳು, ಓದೋದರಲ್ಲಿ ಎಲ್ಲರಿಗಿಂತ ಹಿಂದೆ.

ಟೀಚರ್ ಒಂದು ಪುಟದ ಲೇಖನ ಕೊಡ್ತಿದ್ರು. ಕೆಳಗೆ ನಾಲ್ಕು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಆಯ್ಕೆ. ಐದು ನಿಮಿಷ ಆಗೋದರೊಳಗೆ ಚೀನಾದ ಹುಡುಗರು ಪೆನ್ಸಿಲ್ ಕೆಳಗಿಟ್ಟು ಕಿಟಕಿ ಆಚೆ ನೋಡ್ತಾ ಕೂತಿರೋರು. ನಾನು ಎರಡನೇ ಸಾಲಿನಲ್ಲಿ, ಒಂದು ಅಕ್ಷರದ ಮುಂದೆ ಗೂಟ ಹೊಡೆದ ಹಸುವಿನ ಹಾಗೆ ನಿಂತಿರ್ತಿದ್ದೆ. ನಿಜ ಹೇಳ್ತೀನಿ, ಹೊಟ್ಟೆ ಉರೀತಿತ್ತು.

ಯಾಕೆ ಹೀಗೆ ಅಂತ ಜಪಾನೀ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ಬೇಕು. ಜಪಾನೀ ಬರವಣಿಗೆಯಲ್ಲಿ ಮೂರು ಥರದ ಅಕ್ಷರಗಳು ಒಂದೇ ವಾಕ್ಯದಲ್ಲಿ ಕಲಸಿಕೊಂಡಿರ್ತವೆ. ಒಂದು ಕಾಂಜಿ, ಅಂದ್ರೆ ಚೀನಾದಿಂದ ಬಂದ ಚಿತ್ರದಂಥ ಅಕ್ಷರಗಳು. ಒಂದೊಂದಕ್ಕೂ ಒಂದು ಅರ್ಥ ಇರುತ್ತೆ. ಎರಡನೇದು ಹಿರಾಗಾನ. ಇದು ನಮ್ಮ ಅಕ್ಷರಗಳ ಹಾಗೆ, ಬರೀ ಉಚ್ಚಾರಣೆ ಹೇಳುತ್ತೆ. ವಿಭಕ್ತಿ ಪ್ರತ್ಯಯ, ಕ್ರಿಯಾಪದದ ಬಾಲ, ಇಲ್ಲ-ಹೌದು-ಬಹುದು-ಬೇಕು ಇವೆಲ್ಲ ಇದರಲ್ಲಿ. ಮೂರನೇದು ಕಾತಾಕಾನ, ಹೆಚ್ಚಾಗಿ ಇಂಗ್ಲಿಷ್ ಮೂಲದ ಪದಗಳಿಗೆ. ಪದಗಳ ಮಧ್ಯೆ ಜಾಗ ಬಿಡೋ ಪದ್ಧತಿಯೂ ಇಲ್ಲ. ದಿನಬಳಕೆಗೆ ಅಂತ ಸರ್ಕಾರ ಪಟ್ಟಿ ಮಾಡಿರೋ ಕಾಂಜಿಗಳೇ 2136. ಈ ಪಟ್ಟಿ 2010ರಲ್ಲಿ ಪರಿಷ್ಕರಣೆಯಾಗಿದ್ದು, ಅದಕ್ಕೆ ಮೊದಲು 1945 ಇದ್ದವು. ನನಗೆ ಆ ಎರಡು ಸಾವಿರ ಅಕ್ಷರ ಒಂದೊಂದೂ ಬೆಟ್ಟ. ಚೀನಾದ ಹುಡುಗರಿಗೆ ಅವು ಪ್ರಾಥಮಿಕ ಶಾಲೆಯಲ್ಲೇ ಕಲಿತ ಅಕ್ಷರಗಳು, ಕೆಲವದರ ರೂಪ ಮಾತ್ರ ಅಲ್ಲಿಗೂ ಇಲ್ಲಿಗೂ ಸ್ವಲ್ಪ ಬೇರೆ.

ಹೊರಗಿಂದ ನೋಡೋರಿಗೆ ಲೆಕ್ಕ ಬಹಳ ಸರಳ. ಅಕ್ಷರ ಗೊತ್ತು, ಅಕ್ಷರದಲ್ಲೇ ಅರ್ಥ ಇದೆ, ಹಾಗಾಗಿ ಓದಿದ್ದು ಅರ್ಥ ಆಗುತ್ತೆ. ನಮ್ಮ ಶಾಲೆಯವರ ಲೆಕ್ಕವೂ ಇದೇ ಆಗಿತ್ತು. ಸೇರುವಾಗ ಒಂದು ಪರೀಕ್ಷೆ ಇಡ್ತಾರೆ, ಎಲ್ಲಾ ಟಿಕ್ ಹಾಕೋದೇ. ಚೀನಾದಿಂದ ಬಂದವರು ಅದರಲ್ಲಿ ಚೆನ್ನಾಗಿ ಮಾಡಿದ್ರೆ ಒಂದೆರಡು ಹಂತ ಹಾರಿಸಿ ಮೇಲಿನ ತರಗತಿಗೆ ಕೂರಿಸ್ತಾರೆ. ಓದೋದರ ಬಗ್ಗೆ ಅವರನ್ನ ಯಾರೂ ಮತ್ತೆ ಕೇಳಲ್ಲ. "ನಿಮಗೆ ಓದೋದು ಬರುತ್ತೆ, ಮಾತಾಡೋದು ಕಲೀರಿ" ಅಷ್ಟೇ.

ಈ ಲೆಕ್ಕ ತಪ್ಪು ಅಂತ ನನ್ನ ವಾದ. ಸ್ವಲ್ಪ ತಪ್ಪಲ್ಲ, ಒಬ್ಬ ಹುಡುಗಿಯ ಒಂದು ವರ್ಷ ತಿನ್ನುವಷ್ಟು ತಪ್ಪು.

*

ಮೊದಲು ನಗು ಬರೋ ಉದಾಹರಣೆಗಳು. 'ಕೈ' ಮತ್ತು 'ಕಾಗದ' ಅನ್ನೋ ಎರಡು ಅಕ್ಷರ ಸೇರಿಸಿ ಬರೆದ್ರೆ ಜಪಾನಿನಲ್ಲಿ ತೆಗಾಮಿ, ಅಂದ್ರೆ ಪತ್ರ. ಚೀನಾದಲ್ಲಿ ಅದೇ ಎರಡು ಅಕ್ಷರ ಅಂದ್ರೆ ಪಾಯಿಖಾನೆ ಕಾಗದ. "ಅಮ್ಮ ನನಗೆ ತೆಗಾಮಿ ಕಳಿಸಿದ್ರು" ಅನ್ನೋ ವಾಕ್ಯ ಓದಿ ನಮ್ಮ ತರಗತಿ ಎಷ್ಟು ನಕ್ಕಿತ್ತು ಅಂದ್ರೆ ಟೀಚರ್ ಕಣ್ಣಲ್ಲೂ ನೀರು. ಜಪಾನಿನಲ್ಲಿ ಮಗಳು ಅನ್ನೋ ಅಕ್ಷರಕ್ಕೆ ಚೀನೀ ಭಾಷೆಯಲ್ಲಿ ತಾಯಿ ಅನ್ನೋ ಅರ್ಥ ಇದೆ. ಜಪಾನಿನ ಬಿಸಿನೀರು ಚೀನಾದಲ್ಲಿ ಸೂಪು. ಜಪಾನಿನ ನೆಲ ಚೀನಾದಲ್ಲಿ ಮಂಚ. ಇಲ್ಲಿ ಓಡೋದು ಅಂದ್ರೆ ಅಲ್ಲಿ ನಡೆಯೋದು. ಇಲ್ಲಿ ಉಗಿಬಂಡಿ ರೈಲು, ಅಲ್ಲಿ ಮೋಟಾರು ಕಾರು.

ಇವು ಅಪಾಯ ಇಲ್ಲದ ಪದಗಳು. ಒಂದು ಸಲ ನಕ್ಕರೆ ಮರೆಯೋದೇ ಇಲ್ಲ. ನಮಗೂ ಇಂಥ ಅನುಭವ ಇದೆಯಲ್ಲ! ಹಿಂದಿಯಲ್ಲಿ 'ಶಿಕ್ಷಾ ಮಂತ್ರಿ' ಅಂತ ಮೊದಲ ಸಲ ಕೇಳಿದಾಗ ಯಾರಿಗೆ ಶಿಕ್ಷೆ ಕೊಡೋಕೆ ಮಂತ್ರಿ ಅಂತ ನಾನು ಯೋಚನೆ ಮಾಡಿದ್ದೆ. ನಮ್ಮ ಉಪನ್ಯಾಸ ಅವರಲ್ಲಿ ಕಾದಂಬರಿ. ನಮ್ಮ ಅವಕಾಶ ಅವರಲ್ಲಿ ರಜೆ. ನಮ್ಮ ಚೇಷ್ಟೆ ಅವರಲ್ಲಿ ಪ್ರಯತ್ನ. ಸಂಸ್ಕೃತ ನಮಗಿಬ್ಬರಿಗೂ ಕೊಟ್ಟ ಸಾಲ, ಖರ್ಚು ಮಾಡಿದ್ದು ಬೇರೆ ಬೇರೆ ಕಡೆ.

ಕಷ್ಟ ಇರೋದು ನಗು ಬರದ ಪದಗಳಲ್ಲಿ. 'ಆಳ' ಮತ್ತು 'ಕೊರೆಯೋದು' ಸೇರಿದ ಒಂದು ಪದ ಇದೆ. ಜಪಾನಿನಲ್ಲಿ ಶಿಂಕೊಕು, ಅಂದ್ರೆ ಗಂಭೀರ, ಚಿಂತೆ ಮಾಡಬೇಕಾದಂಥದ್ದು. ಚೀನೀ ಭಾಷೆಯಲ್ಲಿ ಅದೇ ಪದ ಗಾಢವಾದ, ಮನಸ್ಸಿನಲ್ಲಿ ಅಚ್ಚೊತ್ತಿದ ಅನ್ನೋದಕ್ಕೆ ಬರುತ್ತೆ, ಒಳ್ಳೇದಕ್ಕೂ ಬಳಸಬಹುದು. ಕಾರ್ಖಾನೆಯಿಂದ ಊರಿನ ಮೇಲೆ 'ಶಿಂಕೊಕು' ಪರಿಣಾಮ ಆಯ್ತು ಅಂತ ಇದ್ರೆ ಜಪಾನಿನವರಿಗೆ ಅಯ್ಯೋ ಅನ್ಸುತ್ತೆ. ಚೀನಾದ ಓದುಗನಿಗೆ ದೊಡ್ಡ ಪರಿಣಾಮ ಆಯ್ತು ಅಂತ ಮಾತ್ರ ಅನ್ನಿಸಬಹುದು. ವಾಕ್ಯ ಎಲ್ಲೂ ಮುರಿಯಲ್ಲ. ಅರ್ಥ ಆಯ್ತು ಅನ್ನೋ ಭಾವನೆಯೂ ಇರುತ್ತೆ. ಲೇಖನದ ಧೋರಣೆ ಮಾತ್ರ ಕೈತಪ್ಪಿರುತ್ತೆ. ಹಾಗೇ ಕೆಂಟೋ ಅನ್ನೋ ಪದ. ಜಪಾನಿನಲ್ಲಿ ಪರಿಶೀಲನೆ, ವಿಚಾರ ಮಾಡಿ ನೋಡೋದು. ಚೀನಾದಲ್ಲಿ ಅದೇ ಅಕ್ಷರಗಳು ಅಂದ್ರೆ ತನ್ನ ತಪ್ಪು ಒಪ್ಪಿಕೊಂಡು ಆತ್ಮವಿಮರ್ಶೆ ಮಾಡಿಕೊಳ್ಳೋದು! ಜಪಾನಿನಲ್ಲಿ ಬರೀ ಪ್ರಶ್ನೆ ಅನ್ನೋ ಪದ ಚೀನಾದಲ್ಲಿ ಗದರಿಸಿ ವಿಚಾರಿಸೋದು.

*

ಈಗ ಆ ಹುಡುಗಿಯ ಕಥೆ. ಈಶಾನ್ಯ ಚೀನಾದ ಷೆನ್‌ಯಾಂಗ್ ಕಡೆಯವಳು. ನನ್ನ ಪಕ್ಕದ ಬೆಂಚು. ನನಗಿಂತ ಹತ್ತು ವರ್ಷ ಚಿಕ್ಕವಳು, ಹಾಗಾಗಿ 'ಜಿಯೆಜಿಯೆ' ಅಂತ ಕರೀತಿದ್ದಳು, ಅಂದ್ರೆ ಅಕ್ಕ. ಊರಲ್ಲಿ ಪದವಿ ಮುಗಿಸಿ ಬಂದಿದ್ದಳು. ಇಲ್ಲಿ ಒಂದು ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಓದು ಸೇರಬೇಕು ಅನ್ನೋದು ಗುರಿ. ಅವಳು ಸೇರಬೇಕು ಅಂದುಕೊಂಡಿದ್ದ ವಿಭಾಗಗಳಲ್ಲೆಲ್ಲ ಮೊದಲು ಒಬ್ಬ ಪ್ರಾಧ್ಯಾಪಕರಿಗೆ ಪತ್ರ ಬರೆದು, ನಿಮ್ಮ ಕೈಕೆಳಗೆ ಓದಬಹುದಾ ಅಂತ ಒಪ್ಪಿಗೆ ಕೇಳಬೇಕಿತ್ತು. ಅವಳೂ ಅಕ್ಟೋಬರ್‌ನಲ್ಲಿ ಒಬ್ಬರಿಗೆ ಈಮೇಲ್ ಬರೆದಳು. ನಾಲ್ಕೇ ದಿನಕ್ಕೆ ಉತ್ತರ ಬಂತು. ಅವತ್ತು ಮಧ್ಯಾಹ್ನ ಕುಣಿದಾಡಿಬಿಟ್ಟಳು. ಶಾಲೆ ಪಕ್ಕದ ಅಂಗಡಿಯಿಂದ ನನಗೆ ಹುರುಳಿಯಂಥ ಕೆಂಪು ಕಾಳಿನ ಹೂರಣ ತುಂಬಿದ ಬನ್ನು ಕೊಡಿಸಿದ್ದು ಇನ್ನೂ ನೆನಪಿದೆ. ಬೇರೆ ಯಾವ ಪ್ರಾಧ್ಯಾಪಕರಿಗೂ ಬರೀಲಿಲ್ಲ. ಒಬ್ಬರು ಒಪ್ಪಿದ ಮೇಲೆ ಇನ್ನೊಬ್ಬರಿಗೆ ಬರೆದ್ರೆ ಮರ್ಯಾದೆ ಅಲ್ಲ ಅಲ್ವಾ ಅಂದಳು. ಸರಿಯೇ.

ಧನ್ಯವಾದ ಹೇಳಿ ಮರು ಈಮೇಲ್ ಹಾಕಿದ್ದಳು. ಅದಕ್ಕೆ ಉತ್ತರ ಬರಲಿಲ್ಲ. ದೊಡ್ಡವರು, ಬಿಡುವಿರಲ್ಲ ಅಂತ ಸುಮ್ಮನಾದಳು.

ಜನವರಿ ಬಂತು. ಹೊಸ ವರ್ಷದ ಶುಭಾಶಯದ ಜೊತೆಗೆ ಮುಂದೆ ಏನು ಮಾಡಬೇಕು ಅಂತ ಕೇಳಿ ಬರೀತೀನಿ, ಹಳೇ ಈಮೇಲ್ ಒಂದು ಸಲ ನೋಡು ಜಿಯೆಜಿಯೆ, ಯಾವ ಥರದ ಗೌರವದ ಭಾಷೆ ಬಳಸಲಿ ಅಂತ ಫೋನ್ ನನ್ನ ಕೈಗೆ ಕೊಟ್ಟಳು. ನಾನು ಓದೋದು ಹೇಗೆ ಗೊತ್ತಲ್ಲ. ಕಾಂಜಿ ಬಂದಲ್ಲೆಲ್ಲ ಎಡವಿ, ಹಿರಾಗಾನ ಬಂದಲ್ಲಿ ಉಸಿರು ಬಿಟ್ಟು, ಒಂದೊಂದೇ ಅಕ್ಷರ ತುಟಿಯಲ್ಲಿ ಗುನುಗಿಕೊಂಡು. ಹಾಗೆ ಓದ್ತಾ ಓದ್ತಾ ಒಂದು ಕಡೆ ನನ್ನ ಹೊಟ್ಟೆಯೊಳಗೆ ತಣ್ಣಗಾಯ್ತು.

ಆ ಈಮೇಲ್‌ನ ಮುಖ್ಯ ವಾಕ್ಯದಲ್ಲಿ ಇದ್ದ ಕಾಂಜಿಗಳು ಇವು: ಈ ವರ್ಷ, ಮಾರ್ಗದರ್ಶನ, ಸ್ವೀಕರಿಸು. ಅದರ ಮುಂದಿನ ವಾಕ್ಯದಲ್ಲಿ: ಸಂಶೋಧನೆ, ಅಭಿವೃದ್ಧಿ, ಪ್ರಾರ್ಥನೆ. ಇಷ್ಟನ್ನ ಮಾತ್ರ ಜೋಡಿಸಿ ನೀವೇ ಓದಿ ನೋಡಿ. ಈ ವರ್ಷ ಮಾರ್ಗದರ್ಶನ ಮಾಡೋದಕ್ಕೆ ಒಪ್ಪಿದೀನಿ, ನಿನ್ನ ಸಂಶೋಧನೆ ಅಭಿವೃದ್ಧಿ ಆಗಲಿ ಅಂತ ಪ್ರಾರ್ಥನೆ ಮಾಡ್ತೀನಿ. ಎಷ್ಟು ಚೆನ್ನಾಗಿದೆ!

ಆದ್ರೆ ವಾಕ್ಯದ ಮೊದಲಿಗೆ ಹಿರಾಗಾನದಲ್ಲಿ 'ಐನಿಕು' ಅಂತ ಇತ್ತು, ಅಂದ್ರೆ 'ದುರದೃಷ್ಟಕ್ಕೆ'. ಕೊನೆಗೆ, ಸ್ವೀಕರಿಸು ಅನ್ನೋದರ ಬಾಲಕ್ಕೆ, ಅದೂ ಹಿರಾಗಾನದಲ್ಲೇ, 'ಇತಾಶಿ-ಕಾನೆಮಸು' ಅಂತ ಇತ್ತು. ಈ 'ಕಾನೆರು' ಅನ್ನೋ ಬಾಲ ಅಂಟಿದ್ರೆ 'ಮಾಡಲಾರೆ' ಅಂತ ಅರ್ಥ. ಅದರಲ್ಲಿ 'ಇಲ್ಲ' ಅನ್ನೋ ರೂಪ ಎಲ್ಲೂ ಕಾಣಲ್ಲ. ನೇರವಾಗಿ ಇಲ್ಲ ಅನ್ನೋದು ಒರಟು ಅಂತ ಜಪಾನಿನವರು ಬಳಸೋ ಮರ್ಯಾದೆಯ ನಿರಾಕರಣೆ ಅದು. ಇನ್ನು ಆ ಪ್ರಾರ್ಥನೆ? ಕೆಲಸಕ್ಕೆ ಅರ್ಜಿ ಹಾಕಿ ತಿರಸ್ಕೃತರಾದವರಿಗೆ ಕಂಪನಿಗಳು ಕಳಿಸೋ ಈಮೇಲ್‌ನ ಕೊನೆಗೂ ಇಂಥದ್ದೇ ಒಂದು ಪ್ರಾರ್ಥನೆ ಇರುತ್ತೆ. ಎಷ್ಟರ ಮಟ್ಟಿಗೆ ಅಂದ್ರೆ ಜಪಾನಿನ ಹುಡುಗರು ತಿರಸ್ಕಾರದ ಈಮೇಲ್‌ಗೆ 'ಪ್ರಾರ್ಥನೆ ಮೇಲ್' ಅಂತಲೇ ಹೆಸರಿಟ್ಟಿದ್ದಾರೆ.

ಅವಳಿಗೆ ಹೇಗೆ ಹೇಳಿದೆ ಅಂತ ಬರೆಯೋದು ಬೇಡ. ಒಂದು ಮಾತು ಮಾತ್ರ ಹೇಳ್ತೀನಿ. ನಾನು ಕಾನೆಮಸು ಮೇಲೆ ಬೆರಳಿಟ್ಟು ತೋರಿಸಿದಾಗ ಅವಳು, "ಇದು ನನಗೆ ಗೊತ್ತು, ಹೋದ ತಿಂಗಳ ಪರೀಕ್ಷೆಯಲ್ಲಿ ಇದಕ್ಕೆ ಸರಿಯಾಗಿ ಟಿಕ್ ಹಾಕಿದ್ದೆ" ಅಂದಳು. ನಿಜವಾಗಲೂ ಹಾಕಿದ್ದಳು.

ಅಷ್ಟರಲ್ಲಿ ಅವಳಿಗೆ ಬೇಕಿದ್ದ ಕಡೆಗಳಲ್ಲೆಲ್ಲ ಅರ್ಜಿಯ ಕೊನೇ ದಿನ ಮುಗಿದಿತ್ತು. ಇಲ್ಲಿ ಶೈಕ್ಷಣಿಕ ವರ್ಷ ಏಪ್ರಿಲ್‌ಗೆ ಶುರು. ಭಾಷಾ ಶಾಲೆಯಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಇರೋ ಹಾಗಿಲ್ಲ, ಅವಳದ್ದು ಮಾರ್ಚ್‌ಗೆ ಮುಗೀತಿತ್ತು. ನಮ್ಮ ಶಾಲೆಯ ಒಂದು ವರ್ಷದ ಶುಲ್ಕವೇ ಸುಮಾರು 7-8 ಲಕ್ಷ ಯೆನ್. ರಾತ್ರಿ ಅಂಗಡಿಯಲ್ಲಿ ಸಾಮಾನು ಜೋಡಿಸೋ ಕೆಲಸ ಮಾಡಿ ಅದರಲ್ಲಿ ಒಂದು ಪಾಲು ಅವಳೇ ಕಟ್ಟಿದ್ದಳು. ಮಾರ್ಚ್ ಕೊನೆಗೆ ಊರಿಗೆ ವಾಪಸ್ ಹೋದಳು.

*

ಅವಳು ಸರಿಯಾಗಿ ಓದಬೇಕಿತ್ತು, ತಪ್ಪು ಅವಳದ್ದೇ ಅಂತ ನೀವು ಅನ್ನಬಹುದು. ಹೌದು, ಒಂದು ಪಾಲು. ಆದ್ರೆ ನನಗೆ ಅವತ್ತಿಂದ ಕಾಡಿದ ಪ್ರಶ್ನೆ ಬೇರೆ. ತರಗತಿಯಲ್ಲೇ ಚೆನ್ನಾಗಿ ಓದೋಳು ಅನ್ನಿಸಿಕೊಂಡವಳ ಕಣ್ಣಿಗೆ ಕಾಣದೇ ಇದ್ದದ್ದು, ತರಗತಿಯಲ್ಲೇ ದಡ್ಡಿಯಾದ ನನ್ನ ಕಣ್ಣಿಗೆ ಹೇಗೆ ಬಿತ್ತು?

ಉತ್ತರ ಹುಡುಕ್ತಾ ಸ್ವಲ್ಪ ಓದಿಕೊಂಡೆ. ಎರಡನೇ ಭಾಷೆಯಲ್ಲಿ ಓದೋದಕ್ಕೆ ಎಷ್ಟು ಪದ ಗೊತ್ತಿರಬೇಕು ಅನ್ನೋದರ ಬಗ್ಗೆ ದೊಡ್ಡ ಸಂಶೋಧನೆಗಳೇ ನಡೆದಿವೆ. ಇಸ್ರೇಲಿನ ಬಾಟಿಯಾ ಲೌಫರ್ 1989ರಲ್ಲಿ, ಪಠ್ಯದಲ್ಲಿರೋ ಪದಗಳಲ್ಲಿ ಶೇಕಡಾ 95ರಷ್ಟು ಗೊತ್ತಿದ್ರೆ ತಕ್ಕಮಟ್ಟಿಗೆ ಅರ್ಥ ಆಗುತ್ತೆ ಅಂದ್ರು. ನ್ಯೂಜಿಲೆಂಡಿನ ಪಾಲ್ ನೇಷನ್ ಮತ್ತು ಹು ಸೇರಿ 2000ದಲ್ಲಿ, ಯಾರ ಸಹಾಯ ಇಲ್ಲದೆ ಓದೋಕೆ ಶೇಕಡಾ 98 ಬೇಕು ಅಂದ್ರು. 95ಕ್ಕೂ 98ಕ್ಕೂ ಏನು ಮಹಾ ಅಂತ ಅನ್ನಿಸಬಹುದು. 95 ಅಂದ್ರೆ ಪ್ರತಿ ಇಪ್ಪತ್ತು ಪದಕ್ಕೆ ಒಂದು ಗೊತ್ತಿಲ್ಲ. 98 ಅಂದ್ರೆ ಐವತ್ತಕ್ಕೆ ಒಂದು. ಮುನ್ನೂರು ಪದದ ಪುಟದಲ್ಲಿ ಹದಿನೈದು ಕಡೆ ಎಡವೋದಕ್ಕೂ ಆರು ಕಡೆ ಎಡವೋದಕ್ಕೂ ಇರೋ ವ್ಯತ್ಯಾಸ. ಇವೆಲ್ಲ ಇಂಗ್ಲಿಷ್ ಕಲಿಯೋರ ಲೆಕ್ಕ. ಜಪಾನೀ ಭಾಷೆಗೂ ಇಂಥದ್ದೇ ಅಧ್ಯಯನ 2004ರಲ್ಲಿ ಜಪಾನಿನ ಸಂಶೋಧಕರು ಮಾಡಿದ್ದಾರೆ, ಅದರಲ್ಲಿ ಬಂದದ್ದು ಶೇಕಡಾ 96ರ ಆಸುಪಾಸು.

ಇದರಲ್ಲಿ ನನಗೆ ತುಂಬ ಇಷ್ಟ ಆಗಿದ್ದು ಹು ಮತ್ತು ನೇಷನ್ ಪರೀಕ್ಷೆ ಮಾಡಿದ ರೀತಿ. ಒಂದು ಕಥೆ ತಗೊಂಡು, ಅದರಲ್ಲಿ ಕೆಲವು ಪದಗಳನ್ನ ಕಿತ್ತು, ಆ ಜಾಗದಲ್ಲಿ ಅರ್ಥವೇ ಇಲ್ಲದ ಹುಟ್ಟಿಸಿದ ಪದಗಳನ್ನ ಇಟ್ರು. ಆಮೇಲೆ ಎಷ್ಟು ಅರ್ಥ ಆಯ್ತು ನೋಡಿದ್ರು. ಅಂದ್ರೆ ಅಲ್ಲಿ ಗೊತ್ತಿಲ್ಲದ ಪದ ಅಂದ್ರೆ ಖಂಡಿತ ಗೊತ್ತಿಲ್ಲದ್ದು. ಓದುಗನಿಗೂ ಅದು ಗೊತ್ತು. ಕಲ್ಲು ಕಲ್ಲಿನ ಹಾಗೇ ಕಾಣುತ್ತೆ.

ನಾನು ಜಪಾನೀ ಓದುವಾಗ ಆಗೋದೂ ಅದೇ. ಗೊತ್ತಿಲ್ಲದ ಕಾಂಜಿ ನನ್ನ ಮುಂದೆ ಬಂದು ಅಡ್ಡ ನಿಲ್ಲುತ್ತೆ. ನಾನು ನಿಲ್ತೀನಿ, ನಿಘಂಟು ತೆಗೀತೀನಿ, ಬೈಕೋತೀನಿ, ಮುಂದೆ ಹೋಗ್ತೀನಿ. ಸಮಯ ಹೋಗುತ್ತೆ, ಅರ್ಥ ಹೋಗಲ್ಲ. ನನ್ನ ಗೆಳತಿಗೆ ಹಾಗಲ್ಲ. ಅವಳಿಗೆ ಗೊತ್ತಿಲ್ಲದ ಪದವೂ ಗೊತ್ತಿರೋ ಮುಖ ಹೊತ್ತುಕೊಂಡು ಬರುತ್ತೆ. ಊಹೆ ಮಾಡ್ತಿದೀನಿ ಅಂತ ಅವಳಿಗೆ ಅನ್ನಿಸೋದೇ ಇಲ್ಲ. ನಿಘಂಟು ತೆಗಿಬೇಕು ಅಂತ ಯಾವ ಸೂಚನೆಯೂ ಇಲ್ಲ. ಲೌಫರ್ ಅವರೇ ಇಂಗ್ಲಿಷ್ ಕಲಿಯೋರ ವಿಷಯದಲ್ಲಿ ಇದನ್ನ ಬರೆದಿದ್ದಾರೆ, ನೋಡೋಕೆ ತಿಳಿಯಾಗಿ ಕಂಡು ಮೋಸ ಮಾಡೋ ಪದಗಳು ಅಂತ. ಆದ್ರೆ ಇಂಗ್ಲಿಷಿನಲ್ಲಿ ಅಂಥವು ಅಲ್ಲೊಂದು ಇಲ್ಲೊಂದು. ಚೀನಾದವರು ಜಪಾನೀ ಓದುವಾಗ ಕಾಂಜಿಯಲ್ಲಿರೋ ಪ್ರತಿ ಪದವೂ ಅಂಥದ್ದೇ ಇರಬಹುದು.

ಹಾಗಾದ್ರೆ ಶೇಕಡಾ 96, 98 ಅನ್ನೋ ಲೆಕ್ಕ ಇವರಿಗೆ ಹೇಗೆ ಹಾಕೋದು? "ನಿಮಗೆ ಗೊತ್ತಿಲ್ಲದ ಪದಗಳ ಕೆಳಗೆ ಗೆರೆ ಎಳೀರಿ" ಅಂತ ನಮ್ಮ ಟೀಚರ್ ದಿನಾ ಹೇಳ್ತಿದ್ರು. ನನ್ನ ಹಾಳೆ ತುಂಬ ಗೆರೆ. ಅವಳ ಹಾಳೆ ಸ್ವಚ್ಛ. ಟೀಚರ್ ಆ ಸ್ವಚ್ಛ ಹಾಳೆ ನೋಡಿ ಖುಷಿ ಪಡ್ತಿದ್ರು.

ನನ್ನ ಇಡೀ ತಕರಾರು ಇದೇ ನೋಡಿ. ಚೀನಾದ ಕಲಿಕೆಗಾರರ ಪದಜ್ಞಾನ ಎಷ್ಟು ಅಂತ ಅಳೆಯುವಾಗ ನಾವು ಅವರ ಅಕ್ಷರಜ್ಞಾನ ಅಳೀತಿದೀವಿ. ಪದ ಗೊತ್ತಿರೋದು ಅಂದ್ರೆ ಅದರ ಉಚ್ಚಾರಣೆ ಗೊತ್ತಿರಬೇಕು, ಯಾವ ಪದದ ಜೊತೆ ಕೂಡುತ್ತೆ ಗೊತ್ತಿರಬೇಕು, ಹೊಗಳಿಕೆಗಾ ತೆಗಳಿಕೆಗಾ ಗೊತ್ತಿರಬೇಕು, ಬಾಲ ಬದಲಾದ್ರೆ ಅರ್ಥ ಎತ್ತ ತಿರುಗುತ್ತೆ ಗೊತ್ತಿರಬೇಕು. 'ಕಾನೆರು' ಅಂದ್ರೆ ಆಗದು. ಅದಕ್ಕೇ 'ಇಲ್ಲ' ಸೇರಿಸಿ 'ಕಾನೆನಾಯ್' ಅಂದ್ರೆ 'ಅವನು ಹಾಗೆ ಮಾಡಿಬಿಟ್ಟಾನು' ಅನ್ನೋ ಭಯ. ನೋಡೋಕೆ ಇಲ್ಲ ಅನ್ನೋ ರೂಪ, ಅರ್ಥ ಆಗಬಹುದು ಅಂತ! ಇದನ್ನೆಲ್ಲ ಕಾಂಜಿ ಹೇಳಿಕೊಡಲ್ಲ.

*

ಇಷ್ಟು ಹೇಳಿದ ಮೇಲೆ ಎದುರು ವಾದವನ್ನೂ ನ್ಯಾಯವಾಗಿ ಹೇಳಬೇಕು. ಕಾಂಜಿ ಗೊತ್ತಿರೋದು ನಿಜವಾದ ಲಾಭ, ಅದರಲ್ಲಿ ಅನುಮಾನ ಇಲ್ಲ. 1978ರಲ್ಲಿ ಜಪಾನಿನ ಸಂಸ್ಕೃತಿ ಇಲಾಖೆ ಒಂದು ಪುಸ್ತಕ ತಂದಿತ್ತು. ಜಪಾನಿನಲ್ಲಿ ಬಳಸೋ ಚೀನೀ ಮೂಲದ ಪದಗಳನ್ನ ಚೀನೀ ಭಾಷೆಯ ಜೊತೆ ಹೋಲಿಸಿ ನಾಲ್ಕು ಗುಂಪು ಮಾಡಿದ್ರು. ಅರ್ಥ ಒಂದೇ ಇರೋವು, ಸ್ವಲ್ಪ ಕೂಡಿ ಸ್ವಲ್ಪ ಬೇರೆಯಾದವು, ಪೂರ್ತಿ ಬೇರೆಯಾದವು, ಚೀನೀ ಭಾಷೆಯಲ್ಲಿ ಇಲ್ಲವೇ ಇಲ್ಲದವು. ಅದರಲ್ಲಿ ಹೆಚ್ಚಿನ ಪದಗಳು ಮೊದಲ ಗುಂಪಿನವೇ. ಕೆಲವಂತೂ ಜಪಾನಿನಲ್ಲಿ ಹುಟ್ಟಿ ಚೀನಾಕ್ಕೆ ಹೋದವು. ತತ್ವಶಾಸ್ತ್ರಕ್ಕೆ ಎರಡೂ ದೇಶದಲ್ಲಿ ಬಳಸೋ ಪದ ರೂಪಿಸಿದ್ದು ಮೇಜಿ ಕಾಲದ ನಿಶಿ ಅಮಾನೆ ಅನ್ನೋ ಜಪಾನೀ ವಿದ್ವಾಂಸ. ದೂರವಾಣಿ ಅನ್ನೋ ಪದವೂ ಹಾಗೇ ಇಲ್ಲಿಂದ ಅಲ್ಲಿಗೆ ಹೋದದ್ದು. ಪತ್ರಿಕೆಯ ಒಂದು ಸುದ್ದಿ ಯಾವುದರ ಬಗ್ಗೆ ಅಂತ ಚೀನಾದ ಹುಡುಗ ಒಂದು ನೋಟದಲ್ಲಿ ಹೇಳಬಲ್ಲ. ನನಗೆ ಅದಕ್ಕೆ ಕಾಲು ಗಂಟೆ ಬೇಕು.

ಆದ್ರೆ 'ಯಾವುದರ ಬಗ್ಗೆ' ಅನ್ನೋದು ಒಂದು, 'ಅದರ ಬಗ್ಗೆ ಏನು ಹೇಳಿದೆ' ಅನ್ನೋದು ಇನ್ನೊಂದು. ಆ ಈಮೇಲ್ ಮಾರ್ಗದರ್ಶನ ಒಪ್ಪಿಕೊಳ್ಳೋದರ ಬಗ್ಗೆ ಅಂತ ಅವಳು ಸರಿಯಾಗೇ ಹಿಡಿದಿದ್ದಳು. ಏನು ಹೇಳಿದೆ ಅನ್ನೋದು ಮಾತ್ರ ಉಲ್ಟಾ. ಹೆಚ್ಚಿನ ಪದ ಒಂದೇ ಅರ್ಥ ಕೊಡೋದರಿಂದಲೇ ಉಳಿದ ಪದಗಳ ಮೇಲೆ ಸಂಶಯ ಬರಲ್ಲ ಅಂತ ನನಗನ್ನಿಸುತ್ತೆ. ಹತ್ತು ಸಲ ನಿಜ ಹೇಳಿದವನು ಹನ್ನೊಂದನೇ ಸಲ ಸುಳ್ಳು ಹೇಳಿದ್ರೆ ಯಾರು ತಾನೇ ಹಿಡೀತಾರೆ?

ಪರೀಕ್ಷೆಯೂ ಇದನ್ನ ಹಿಡಿಯಲ್ಲ. ಜಪಾನೀ ಭಾಷೆಗೆ ಜೆಎಲ್‌ಪಿಟಿ ಅಂತ ಒಂದು ಪರೀಕ್ಷೆ ಇದೆ. 1984ರಲ್ಲಿ ಶುರುವಾಗಿದ್ದು, 2010ರಿಂದ ಐದು ಹಂತ. ಬೆಂಗಳೂರಿನಿಂದ ಬರೋ ಸಾಫ್ಟ್‌ವೇರ್ ಹುಡುಗರೂ ಇದನ್ನೇ ಬರೀತಾರೆ. ಎಲ್ಲಾ ಆಯ್ಕೆಯ ಪ್ರಶ್ನೆಗಳು. ಒಂದು ವಾಕ್ಯ ಬರೆಯೋ ಹಾಗಿಲ್ಲ, ಒಂದು ಪದ ಬಾಯಲ್ಲಿ ಹೇಳೋ ಹಾಗಿಲ್ಲ. ನಾಲ್ಕು ಆಯ್ಕೆ ಕಣ್ಣ ಮುಂದೆ ಇದ್ದಾಗ 'ಕಾನೆರು' ನೋಡಿ ಟಿಕ್ ಹಾಕೋದು ಬೇರೆ. ಯಾರೂ ಪ್ರಶ್ನೆ ಕೇಳದೇ ಇರುವಾಗ, ಖುಷಿಯಲ್ಲಿ ಓದ್ತಿರೋ ಪತ್ರದಲ್ಲಿ ಅದು ತಾನಾಗಿ ಕಣ್ಣಿಗೆ ಚುಚ್ಚೋದು ಬೇರೆ. ಅವಳಿಗೆ ಮೊದಲನೇದು ಬರ್ತಿತ್ತು.

ಇದು ಸಣ್ಣ ಸಂಖ್ಯೆಯ ಜನರ ಸಮಸ್ಯೆಯೂ ಅಲ್ಲ. ಜಪಾನ್ ಫೌಂಡೇಶನ್ 2021ರಲ್ಲಿ ಮಾಡಿದ ಸಮೀಕ್ಷೆ ಪ್ರಕಾರ ಜಪಾನಿನ ಹೊರಗೆ ಈ ಭಾಷೆ ಕಲಿಯೋರು ಸುಮಾರು 38 ಲಕ್ಷ. ಅದರಲ್ಲಿ ಚೀನಾದವರೇ 10 ಲಕ್ಷಕ್ಕೂ ಹೆಚ್ಚು, ಎಲ್ಲಾ ದೇಶಗಳಿಗಿಂತ ಜಾಸ್ತಿ. ಜಪಾನಿಗೇ ಬಂದು ಕಲಿಯೋರು ಇದರ ಮೇಲೆ.

ಏನು ಮಾಡಬೇಕು? ನಾನು ಟೀಚರ್ ಅಲ್ಲ, ಆದ್ರೂ ಎರಡು ವರ್ಷ ಬೆಂಚಿನ ಮೇಲೆ ಕೂತ ಅಧಿಕಾರದಿಂದ ಹೇಳ್ತೀನಿ. ಒಂದು, ಕಾಂಜಿ ಗೊತ್ತು ಅಂತ ಹಂತ ಹಾರಿಸೋದನ್ನ ನಿಲ್ಲಿಸಬೇಕು. ಕೆಳಗಿನ ಹಂತದಲ್ಲಿ ಹಿರಾಗಾನದ ಬಾಲಗಳನ್ನ ನಿಧಾನಕ್ಕೆ ಕಲಿಸೋದೇ ಅಲ್ಲಿ, ಅದನ್ನೇ ಹಾರಿಸಿದ್ರೆ ಹೇಗೆ? ಎರಡು, ಓದಿದ್ದನ್ನ ಗಟ್ಟಿಯಾಗಿ ಓದಿಸಬೇಕು. ಚೀನಾದ ಹುಡುಗರು ಮನಸ್ಸಿನಲ್ಲಿ ಓದುವಾಗ ಎಷ್ಟೋ ಸಲ ಕಾಂಜಿಗೆ ಚೀನೀ ಉಚ್ಚಾರಣೆಯನ್ನೇ ಇಟ್ಕೊಂಡಿರ್ತಾರೆ, ಅವರೇ ನಗ್ತಾ ಹೇಳ್ತಿದ್ರು. ಬಾಯಿ ಬಿಟ್ಟು ಓದಿದ್ರೆ ಹಿರಾಗಾನವನ್ನೂ ಓದಲೇಬೇಕು, ಹಾರೋಕೆ ಆಗಲ್ಲ. ಮೂರು, ಟಿಕ್ ಹಾಕಿಸೋ ಬದಲು "ಈ ವಾಕ್ಯ ಬರೆದವರು ಹೌದು ಅಂದ್ರಾ ಇಲ್ಲ ಅಂದ್ರಾ, ನಿನ್ನ ಮಾತಲ್ಲಿ ಹೇಳು" ಅಂತ ಕೇಳಬೇಕು. ಒಂದೇ ಒಂದು ಸಲ ಕೇಳಿದ್ರೂ ಸಾಕು, ಗೊತ್ತಾಗಿಬಿಡುತ್ತೆ.

ನಮ್ಮ ಶಾಲೆಯ ಟೀಚರ್ ಒಬ್ಬರಿಗೆ ಇದನ್ನ ಹೇಳಿದೆ. ಮರ್ಯಾದೆಯಿಂದ ಕೇಳಿಸಿಕೊಂಡು, "ಕೆಂಟೋ" ಮಾಡ್ತೀವಿ ಅಂದ್ರು. ಪರಿಶೀಲನೆಯಾ ಆತ್ಮವಿಮರ್ಶೆಯಾ ಅಂತ ಕೇಳೋ ಧೈರ್ಯ ಬರಲಿಲ್ಲ :)

*

ನನಗೆ ಆ 'ಕಾನೆಮಸು' ಕಂಡಿದ್ದು ನನ್ನ ಬುದ್ಧಿವಂತಿಕೆಯಿಂದ ಅಲ್ಲ. ಒಂದು ಕಾರಣ ನಾನು ನಿಧಾನ. ಇನ್ನೊಂದು ಕಾರಣ ಕನ್ನಡ ಅಂತ ನನ್ನ ನಂಬಿಕೆ. ನಮ್ಮಲ್ಲೂ ಕ್ರಿಯಾಪದ ಕೊನೆಗೇ ಬರೋದು, ಅದರ ಬಾಲದಲ್ಲೇ ಎಲ್ಲ ತೀರ್ಮಾನ. ಮಾಡಬಲ್ಲೆ, ಮಾಡಲಾರೆ, ಮಾಡದೆ ಇರಲಾರೆ, ಮಾಡಿಯಾನು. ಕೊನೇ ಅಕ್ಷರ ಕೇಳೋವರೆಗೂ ತಲೆ ಆಡಿಸಬಾರದು ಅಂತ ನಮಗೆ ಹುಟ್ಟಿನಿಂದಲೇ ಅಭ್ಯಾಸ. ಚೀನೀ ಭಾಷೆಯಲ್ಲಿ ಕ್ರಿಯಾಪದಕ್ಕೆ ಹೀಗೆ ಬಾಲ ಬೆಳೆಯಲ್ಲ, 'ಇಲ್ಲ' ಅನ್ನೋದು ಸಾಮಾನ್ಯವಾಗಿ ಕ್ರಿಯಾಪದಕ್ಕಿಂತ ಮೊದಲೇ ಬಂದುಬಿಡುತ್ತೆ. ಅವಳ ಕಣ್ಣು 'ಸ್ವೀಕರಿಸು' ತನಕ 'ಇಲ್ಲ' ಹುಡುಕಿತು, ಸಿಗಲಿಲ್ಲ, ನಿಂತುಬಿಟ್ಟಿತು.

ಅವಳು ಮರುವರ್ಷ ಊರಿಂದಲೇ ಬೇರೆ ಮೂವರು ಪ್ರಾಧ್ಯಾಪಕರಿಗೆ ಬರೆದಳು. ಬಂದ ಉತ್ತರಗಳನ್ನೆಲ್ಲ ನನಗೆ ಕಳಿಸಿ, ನಾನು ಫೋನಿನಲ್ಲಿ ಗಟ್ಟಿಯಾಗಿ ಓದಿ, ಇಬ್ಬರೂ ಬಾಲ ಹಿಡಿದು ನೋಡಿದ ಮೇಲೇ ಖುಷಿ ಪಡೋದು ಅಂತ ಒಪ್ಪಂದ. ಎರಡು ಪ್ರಾರ್ಥನೆ. ಮೂರನೇದರಲ್ಲಿ ಬಾಲ ಸರಿಯಾಗಿತ್ತು. ಆಮೇಲೆ ಪ್ರವೇಶ ಪರೀಕ್ಷೆಯೂ ಆಯ್ತು. ಈಗ ಕ್ಯೂಶೂ ಕಡೆ ಓದ್ತಿದ್ದಾಳೆ, ಒಂದೂವರೆ ವರ್ಷ ತಡವಾಗಿ. ಮೊನ್ನೆ ಫೋನ್ ಮಾಡಿದಾಗ ಹೇಳಿದಳು, ಈಗ ಯಾವ ಪತ್ರ ಬಂದ್ರೂ ಮೊದಲು ಪ್ರತಿ ವಾಕ್ಯದ ಕೊನೆ ಓದ್ತಾಳಂತೆ, ಆಮೇಲೆ ಕಾಂಜಿ.

ಚೀನಾದವರಿಗೆ ಜಪಾನೀ ಓದೋದು ನೀರು ಕುಡಿದಷ್ಟು ಸುಲಭ ಅಂತ ಯಾರಾದ್ರೂ ಹೇಳಿದ್ರೆ ಈ ಹುಡುಗಿಯನ್ನ ನೆನಪು ಮಾಡ್ಕೊಳ್ಳಿ. ಹಾಗೇ ಹಿಂದಿ, ಮರಾಠಿ, ತೆಲುಗು ಓದುವಾಗ ನಿಮಗೂ ಹೀಗೆ ಗೊತ್ತಿರೋ ಮುಖದ ಪದ ಕೈಕೊಟ್ಟಿದ್ರೆ ಹೇಳಿ. ನನ್ನ 'ಶಿಕ್ಷಾ ಮಂತ್ರಿ'ಗೆ ಜೊತೆ ಬೇಕು :)